ಪಿಆರ್‌ಪಿಯೋ, ಸ್ಟೀರಾಯ್ಡೋ, ಬರೀ ವ್ಯಾಯಾಮವೋ? ಸ್ನಾಯುರಜ್ಜಿನ ನೋವಿಗೆ ಆಯ್ಕೆ ಮಾಡುವ ಬಗೆ

ಮೊಣಕೈಯ ಹೊರಬದಿಯ ನೋವು ಮೂರು ತಿಂಗಳಾದರೂ ಇಳಿದಿಲ್ಲ. ಬಕೆಟ್ ಎತ್ತಿದರೆ ಚುಚ್ಚುತ್ತದೆ, ಬಟ್ಟೆ ಹಿಂಡಿದರೆ ಇನ್ನೂ ಜೋರು. ಒಬ್ಬ ವೈದ್ಯರು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂದರು. ಇನ್ನೊಬ್ಬರು ಪಿಆರ್‌ಪಿ ಮಾಡೋಣ, ಅಂದರೆ ನಿಮ್ಮದೇ ರಕ್ತದಿಂದ ಗ್ರೋತ್ ಫ್ಯಾಕ್ಟರ್ (ಗಾಯ ಮಾಯಲು ಜೀವಕೋಶಗಳನ್ನು ಪ್ರಚೋದಿಸುವ ಪ್ರೋಟೀನ್) ತೆಗೆದು ಕೊಡೋಣ ಅಂದರು. ಫಿಸಿಯೋಥೆರಪಿಯವರು ಎರಡೂ ಬೇಡ, ಡಂಬೆಲ್ ಹಿಡಿಯಿರಿ ಅಂದರು. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂವರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾರೆ. ಯಾವ ಸ್ನಾಯುರಜ್ಜು, ಎಷ್ಟು ದಿನದ ನೋವು, ಎಷ್ಟು ಬೇಗ ಕೆಲಸಕ್ಕೆ ಮರಳಬೇಕು, ಕೈಯಲ್ಲಿ ಎಷ್ಟು ಹಣವಿದೆ ಎಂಬುದರ ಮೇಲೆ ಸರಿಯಾದ ಉತ್ತರ ಬದಲಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಮಾತಿನಲ್ಲಿ ಎಲ್ಲವೂ ‘ನರ’. ನರ ಎಳೆದಿದೆ, ನರ ಉಬ್ಬಿದೆ ಅನ್ನುತ್ತೇವೆ. ಇಲ್ಲಿ ಹೇಳುತ್ತಿರುವುದು ಸಂವೇದನೆ ಒಯ್ಯುವ ನರದ ವಿಷಯವಲ್ಲ, ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಬಿಳಿ ಹಗ್ಗದ, ಅಂದರೆ ಸ್ನಾಯುರಜ್ಜಿನ (ಟೆಂಡನ್) ವಿಷಯ. ಹಗ್ಗ ಎಂಬ ಮಾತು ಅಲಂಕಾರಕ್ಕಲ್ಲ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದೇ ದಿಕ್ಕಿನಲ್ಲಿ ಹೊಸೆದುಕೊಂಡಿದ್ದರೆ ಮಾತ್ರ ಅದಕ್ಕೆ ಬಲ. ರಕ್ತದ ಓಡಾಟ ಕಡಿಮೆ, ಜೀವಕೋಶಗಳೂ ವಿರಳ. ಮಾಂಸಖಂಡದ ಗಾಯ ವಾರಗಳಲ್ಲಿ ಮಾಯ್ದರೆ ಇದು ತಿಂಗಳುಗಳನ್ನು ಕೇಳುವುದು ಅದಕ್ಕೇ.

ಗ್ರೋತ್ ಫ್ಯಾಕ್ಟರ್ ಮಾಡುವುದು ಏನು, ಮಾಡದಿರುವುದು ಏನು

ಹರಿದ ಸ್ನಾಯುರಜ್ಜು ಮೂರು ಹಂತಗಳಲ್ಲಿ ಮಾಯುತ್ತದೆ. ಮೊದಲ ಕೆಲವು ದಿನ ಉರಿಯೂತ. ನಂತರ ಸುಮಾರು ಆರು ವಾರ, ಮೂರನೇ ಬಗೆಯ ಕೊಲಾಜೆನ್ ಅನ್ನು ಅವಸರದಲ್ಲಿ ಅಡ್ಡಾದಿಡ್ಡಿ ಸುರಿಯುವ ಕಾಲ. ಆಮೇಲೆ ಒಂದು ವರ್ಷದವರೆಗೂ ನಡೆಯುವ ಪುನರ್ರಚನೆ. ಆಗ ಗಟ್ಟಿಯಾದ ಒಂದನೇ ಬಗೆಯ ಕೊಲಾಜೆನ್ ಬಂದು, ಎಳೆತದ ದಿಕ್ಕಿಗೆ ಸಾಲುಗೂಡುತ್ತದೆ. ಗ್ರೋತ್ ಫ್ಯಾಕ್ಟರ್‌ಗಳು ಈ ಹಂತಗಳಲ್ಲಿ ಜೀವಕೋಶಗಳಿಗೆ ಆಜ್ಞೆ ಕೊಡುವ ಪ್ರೋಟೀನ್‌ಗಳು. ಪಿಡಿಜಿಎಫ್ ಕೋಶಗಳನ್ನು ಕರೆದು ಸಂಖ್ಯೆ ಹೆಚ್ಚಿಸುತ್ತದೆ. ಐಜಿಎಫ್-1 ಕೊಲಾಜೆನ್ ತಯಾರಿಕೆಗೆ ಒತ್ತು ಕೊಡುತ್ತದೆ. ವಿಇಜಿಎಫ್ ಹೊಸ ರಕ್ತನಾಳ ಬೆಳೆಸುತ್ತದೆ. ಟಿಜಿಎಫ್-ಬೀಟಾ ಕೊಲಾಜೆನ್ ಹೆಚ್ಚಿಸುತ್ತದೆ, ಆದರೆ ಮಿತಿ ಮೀರಿದರೆ ಗಾಯದ ಗಂಟು ಮಾಡುತ್ತದೆ.

‘ಹೆಚ್ಚು ಇದ್ದಷ್ಟೂ ಒಳ್ಳೆಯದು’ ಎಂಬ ಜಾಹೀರಾತಿನ ಮಾತು ಇಲ್ಲೇ ಎಡವುತ್ತದೆ. ಬೆರಳು ಮಡಚುವ ಸ್ನಾಯುರಜ್ಜು ಕಿರಿದಾದ ಕೊಳವೆಯೊಳಗೆ ಜಾರಬೇಕು. ಅಲ್ಲಿ ಟಿಜಿಎಫ್-ಬೀಟಾ ಹೆಚ್ಚಾದರೆ ಅದು ಸುತ್ತಲಿನ ಅಂಗಾಂಶಕ್ಕೆ ಅಂಟಿಕೊಂಡು, ಬೆರಳು ಮಡಚಲಾಗದೆ ನಿಲ್ಲುತ್ತದೆ. ಹಿಮ್ಮಡಿಯ ಹಳೆಯ ನೋವಿನಲ್ಲಿ ಹೊಸ ರಕ್ತನಾಳಗಳ ಜತೆಗೆ ನೋವಿನ ನರತುದಿಗಳೂ ಒಳಗೆ ಬೆಳೆದಿರುವುದು ಕಂಡುಬರುತ್ತದೆ. ಅಂಥ ಕಡೆ ವಿಇಜಿಎಫ್ ಇನ್ನಷ್ಟು ಬೇಕೇ ಎಂದು ಕೇಳಲೇಬೇಕಾಗುತ್ತದೆ.

ಎರಡನೆಯ ತೊಡಕು ಸಮಯದ್ದು. ಪಿಆರ್‌ಪಿಯಲ್ಲಿ ಗ್ರೋತ್ ಫ್ಯಾಕ್ಟರ್ ಬರುವುದು ಪ್ಲೇಟ್‌ಲೆಟ್‌ಗಳಿಂದ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಿಂದ. ಅವು ಚುರುಕುಗೊಂಡ ಮೇಲೆ ತಮ್ಮಲ್ಲಿರುವ ಗ್ರೋತ್ ಫ್ಯಾಕ್ಟರ್‌ನ ಬಹುಪಾಲನ್ನು ಮೊದಲ ಒಂದು ಗಂಟೆಯಲ್ಲೇ ಸುರಿದುಬಿಡುತ್ತವೆ. ಪುನರ್ರಚನೆ ನಡೆಯುವುದು ತಿಂಗಳುಗಟ್ಟಲೆ. ಗಂಟೆಯಷ್ಟು ಹೊತ್ತಿನ ಆಜ್ಞೆ ಕೆಲಸವನ್ನು ಶುರುಮಾಡಿಸಬಹುದು. ಎಳೆಗಳು ಯಾವ ದಿಕ್ಕಿಗೆ ಸಾಲುಗೂಡಬೇಕೆಂದು ದಿನದಿನವೂ ಹೇಳುವುದು ಆ ರಜ್ಜಿನ ಮೇಲೆ ಬೀಳುವ ಭಾರ. ಹಾಗಾಗಿ ಇಂಜೆಕ್ಷನ್ ಯಾವುದೇ ಇರಲಿ, ವ್ಯಾಯಾಮಕ್ಕೆ ಅದು ಪರ್ಯಾಯವಲ್ಲ.

ಅಳತೆಗೋಲುಗಳು

ಆಯ್ಕೆಗೆ ಮುನ್ನ ಐದು ವಿಷಯ ಬರೆದಿಟ್ಟುಕೊಳ್ಳಿ. ರಜ್ಜು ಸವೆದಿದೆಯೋ, ಹರಿದಿದೆಯೋ? ಯಾವ ರಜ್ಜು? ನೋವು ಶುರುವಾಗಿ ಎಷ್ಟು ವಾರ? ನಿಮಗೆ ಬೇಕಾದದ್ದು ಎರಡು ವಾರದ ಉಪಶಮನವೋ, ಒಂದು ವರ್ಷದ ನಂತರದ ಕೈಯೋ? ಮಧುಮೇಹ, ರಕ್ತ ತೆಳುಮಾಡುವ ಮಾತ್ರೆ, ಇತ್ತೀಚಿನ ಜ್ವರ ಇವೆಯೇ?

ಮೊದಲನೆಯದು ಉಳಿದೆಲ್ಲಕ್ಕಿಂತ ತುರ್ತಿನದು. ಆಡುವಾಗ ಹಿಂದಿನಿಂದ ಯಾರೋ ಒದ್ದಂತಾಗಿ, ತಿರುಗಿ ನೋಡಿದರೆ ಯಾರೂ ಇಲ್ಲದಿದ್ದರೆ, ಅದು ಹಿಮ್ಮಡಿಯ ಅಕಿಲಿಸ್ ರಜ್ಜು ಪೂರ್ತಿ ಹರಿದಿರುವ ಲಕ್ಷಣ. ಹೊಟ್ಟೆಯ ಮೇಲೆ ಮಲಗಿಸಿ, ಪಾದವನ್ನು ಮಂಚದ ಅಂಚಿನಿಂದ ಆಚೆ ಬಿಟ್ಟು, ಮೀನಖಂಡವನ್ನು ಹಿಂಡಬೇಕು. ಸರಿಯಿರುವ ಕಾಲಿನಲ್ಲಿ ಪಾದ ಕೆಳಮುಖವಾಗಿ ಚಲಿಸುತ್ತದೆ, ಹರಿದ ಕಾಲಿನಲ್ಲಿ ಅಲ್ಲಾಡುವುದಿಲ್ಲ. ಆಗ ಈ ಲೇಖನ ಪಕ್ಕಕ್ಕಿಟ್ಟು ಅದೇ ದಿನ ಮೂಳೆತಜ್ಞರನ್ನು ಕಾಣಿ. ಶಸ್ತ್ರಚಿಕಿತ್ಸೆಯೋ, ಪಾದ ಕೆಳಮುಖವಾಗಿಟ್ಟು ಕಟ್ಟುವ ಬೂಟೋ ಎಂಬುದು ಕೆಲವೇ ದಿನಗಳಲ್ಲಿ ತೀರ್ಮಾನವಾಗಬೇಕು. ಹೀಗೆ ಹರಿದ ರಜ್ಜಿಗೆ ಬೂಟಿನ ಜತೆ ಪಿಆರ್‌ಪಿ ಕೊಟ್ಟರೆ ಲಾಭವುಂಟೇ ಎಂದು ಬ್ರಿಟನ್ನಿನಲ್ಲಿ 230 ಜನರ ಮೇಲೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಕೊಟ್ಟರು. ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಮಾತು ಸೇರಿಸಬೇಕು. ಸಿಪ್ರೋಫ್ಲಾಕ್ಸಸಿನ್, ಲೀವೋಫ್ಲಾಕ್ಸಸಿನ್ ಗುಂಪಿನ ಆ್ಯಂಟಿಬಯೋಟಿಕ್‌ಗಳು ಸ್ನಾಯುರಜ್ಜನ್ನು ದುರ್ಬಲಗೊಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಕರು 2008ರಿಂದ ಇವುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸುತ್ತಿದ್ದಾರೆ. ನಮ್ಮಲ್ಲಿ ಭೇದಿಗೂ ಮೂತ್ರದ ಉರಿಗೂ ಇವನ್ನು ಅಂಗಡಿಯಲ್ಲೇ ಕೇಳಿ ನುಂಗುವ ರೂಢಿ. ಹಿಮ್ಮಡಿ ನೋವು ಅಂಥ ಕೋರ್ಸ್‌ನ ಆಸುಪಾಸಿನಲ್ಲಿ ಶುರುವಾಗಿದ್ದರೆ ವೈದ್ಯರಿಗೆ ಮರೆಯದೆ ಹೇಳಿ.

ಕಾಯುವುದು ಮತ್ತು ವ್ಯಾಯಾಮ

ಇದು ಅಗ್ಗದ್ದು, ಬೇಸರದ್ದು, ಮತ್ತು ಬಹುತೇಕರಿಗೆ ಸಾಕಾಗುವಂಥದ್ದು. ನೆದರ್ಲೆಂಡ್ಸ್‌ನಲ್ಲಿ 185 ಮೊಣಕೈ ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಫಿಸಿಯೋಥೆರಪಿ ಪಡೆದವರಲ್ಲಿ ನೂರಕ್ಕೆ 91, ಏನೂ ಮಾಡದೆ ಕಾದವರಲ್ಲಿ 83, ಸ್ಟೀರಾಯ್ಡ್ ಪಡೆದವರಲ್ಲಿ 69 ಜನ ಗುಣ ಕಂಡಿದ್ದರು. ಕಾದವರ ಆ 83ನ್ನು ನೆನಪಿನಲ್ಲಿಡಿ. ಯಾವ ಇಂಜೆಕ್ಷನ್ನಿನ ಯಶಸ್ಸಿನ ಕಥೆ ಕೇಳಿದರೂ ಅದರ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಬೇಕು.

ಮೊಣಕೈಗೆ ಮಾಡುವ ಕ್ರಮ ಹೀಗೆ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಿಂದ ಆಚೆ ಬರಲಿ. ಒಂದು ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಅದು ಸುಮಾರು ಒಂದು ಕಿಲೋ. ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ, ನೋಯುವ ಕೈಯೊಂದರಿಂದಲೇ ನಾಲ್ಕು ಎಣಿಸುತ್ತ ನಿಧಾನ ಇಳಿಸಿ. ಹದಿನೈದರಂತೆ ಮೂರು ಸುತ್ತು, ದಿನಕ್ಕೊಮ್ಮೆ. ಸಲೀಸಾದಾಗ ಅರ್ಧ ಕಿಲೋ ಏರಿಸಿ.

ಹಿಮ್ಮಡಿಗೆ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲಿನ ಅಂಚಿನಲ್ಲಿ ಬೆರಳ ಬುಡದ ಮೇಲೆ ನಿಂತು, ಸರಿಯಿರುವ ಕಾಲಿನಿಂದ ಮೇಲೇರಿ, ನೋಯುವ ಕಾಲಿನ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ನಿಧಾನ ಇಳಿಸುವುದು. ಮಂಡಿ ನೇರವಿಟ್ಟು 15ರಂತೆ 3 ಸುತ್ತು, ಮಂಡಿ ಮಡಚಿ ಮತ್ತೆ ಅಷ್ಟೇ. ದಿನಕ್ಕೆರಡು ಸಲ, ವಾರದ ಏಳೂ ದಿನ, 12 ವಾರ. ಲೆಕ್ಕ ಹಾಕಿದರೆ ದಿನಕ್ಕೆ 180 ಸಲ. ಇಷ್ಟು ಬಿಡುವಿಲ್ಲದವರು ವಾರಕ್ಕೆ ಮೂರೇ ದಿನ ಜಿಮ್‌ನಲ್ಲಿ ಭಾರವಾಗಿ, ನಿಧಾನವಾಗಿ ಮಾಡಬಹುದು. ಮೊದಲ ವಾರ 15 ಸಲ ಮಾತ್ರ ಎತ್ತಬಲ್ಲಷ್ಟು ತೂಕದಿಂದ ಶುರುಮಾಡಿ, ಒಂಬತ್ತನೇ ವಾರದ ಹೊತ್ತಿಗೆ 6 ಸಲ ಮಾತ್ರ ಎತ್ತಬಲ್ಲಷ್ಟು ತೂಕಕ್ಕೆ ಏರುವುದು. ಎರಡನ್ನೂ ಹೋಲಿಸಿದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ ಫಲ ಸಮಸಮ ಬಂತು.

ಕೆಡುವುದು ಎಲ್ಲಿ? ಹೆಚ್ಚಾಗಿ ಮೂರನೇ ವಾರದಲ್ಲಿ. ಸ್ವಲ್ಪ ನೋವು ಬಂದೊಡನೆ ನಿಲ್ಲಿಸುತ್ತಾರೆ, ಅಥವಾ ನೋವು ಇಳಿದೊಡನೆ ಇನ್ನು ಸಾಕೆನ್ನುತ್ತಾರೆ. ಹತ್ತರಲ್ಲಿ ಐದರವರೆಗಿನ ನೋವು ನಡೆಯುತ್ತದೆ. ಆದರೆ ಮರುದಿನ ಬೆಳಗಿನ ಮೊದಲ ಹೆಜ್ಜೆಗಳಲ್ಲಿ ಹಿಂದಿನ ದಿನಕ್ಕಿಂತ ಹೆಚ್ಚು ಬಿಗಿತ, ನೋವು ಇದ್ದರೆ ತೂಕ ಇಳಿಸಬೇಕು. ಇನ್ನೊಂದು ತಪ್ಪು: ನೋವು ರಜ್ಜಿನ ನಡುಭಾಗದಲ್ಲಲ್ಲ, ಹಿಮ್ಮಡಿ ಮೂಳೆಗೆ ಸೇರುವ ಜಾಗದಲ್ಲೇ ಇದ್ದರೆ ಮೆಟ್ಟಿಲಿಗಿಂತ ಕೆಳಗೆ ಇಳಿಸಬಾರದು. ಅಲ್ಲಿ ರಜ್ಜು ಮೂಳೆಗೆ ಒತ್ತಿ ನೋವು ಹೆಚ್ಚುತ್ತದೆ. ಸಮನೆಲದ ಮೇಲೆ ಮಾಡಿ.

ಸ್ಟೀರಾಯ್ಡ್: ಬಡ್ಡಿ ಸಾಲ

ಔಷಧದ ಬೆಲೆ ನೂರಿನ್ನೂರು ರೂಪಾಯಿಯ ಆಸುಪಾಸು. ಕೆಲವೇ ದಿನಗಳಲ್ಲಿ ಹಿತ. ಮೊದಲ ಆರು ವಾರ ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ. ಆಮೇಲೆ ವಸೂಲಿ ಶುರು. ಆಸ್ಟ್ರೇಲಿಯದಲ್ಲಿ 165 ಮೊಣಕೈ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ನೂರಕ್ಕೆ 54 ಜನರಿಗೆ, ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಲ್ಲಿ 12 ಜನರಿಗೆ. ಸ್ಟೀರಾಯ್ಡ್ ಕೊಲಾಜೆನ್ ತಯಾರಿಕೆಯನ್ನು ಹತ್ತಿಕ್ಕುತ್ತದೆ. ಗ್ರೋತ್ ಫ್ಯಾಕ್ಟರ್ ಮಾಡಬೇಕಾದ ಕೆಲಸಕ್ಕೆ ಇದು ನೇರ ವಿರುದ್ಧ.

ನಮ್ಮ ಮೈಬಣ್ಣಕ್ಕೆ ಇನ್ನೊಂದು ತೊಂದರೆ ಎದ್ದು ಕಾಣುತ್ತದೆ. ಔಷಧ ಚರ್ಮದ ಕೆಳಗೆ ಸೋರಿದರೆ ಅಲ್ಲಿ ಬಿಳಿ ಮಚ್ಚೆ, ಕೊಬ್ಬು ಕರಗಿ ಗುಳಿ ಬೀಳುವುದುಂಟು. ತಿಂಗಳುಗಟ್ಟಲೆ ಉಳಿಯುತ್ತದೆ. ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ಅಕಿಲಿಸ್ ಮತ್ತು ಮಂಡಿಚಿಪ್ಪಿನ ರಜ್ಜಿನೊಳಗೆ ಇದನ್ನು ಚುಚ್ಚಿಸಿಕೊಳ್ಳಲೇಬೇಡಿ, ಹರಿಯುವ ಅಪಾಯವಿದೆ. ಹಾಗಾದರೆ ಎಂದಿಗೂ ಬೇಡವೇ? ನೋವಿನಿಂದ ರಾತ್ರಿ ನಿದ್ದೆಯೇ ಇಲ್ಲ, ಹತ್ತು ದಿನದಲ್ಲಿ ಮಗಳ ಮದುವೆ, ಇಂಥ ಹೊತ್ತಿನಲ್ಲಿ ಭುಜಕ್ಕೋ ಮೊಣಕೈಗೋ ಒಂದೇ ಒಂದು ಸಲ, ಮುಂದೇನಾಗಬಹುದು ಎಂದು ತಿಳಿದೇ ತೆಗೆದುಕೊಂಡರೆ ತಪ್ಪಲ್ಲ. ಮೂರನೇ ಸಲ ಚುಚ್ಚಲು ಒಪ್ಪುವ ವೈದ್ಯರಿಂದ ದೂರವಿರಿ.

ಪಿಆರ್‌ಪಿ

ಇಂದು ಆಸ್ಪತ್ರೆಯಲ್ಲಿ ‘ಗ್ರೋತ್ ಫ್ಯಾಕ್ಟರ್ ಚಿಕಿತ್ಸೆ’ ಎಂದರೆ ಬಹುಪಾಲು ಇದೇ. ನಿಮ್ಮ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾದ ಪ್ಲಾಸ್ಮಾವನ್ನು (ರಕ್ತದ ದ್ರವಭಾಗವನ್ನು) ನೋಯುವ ಜಾಗಕ್ಕೆ ಚುಚ್ಚುವುದು. ಬೆಲೆ ಊರಿಂದೂರಿಗೆ, ಕಿಟ್‌ನಿಂದ ಕಿಟ್‌ಗೆ ಬದಲಾಗುತ್ತದೆ. ಕೆಲವು ಸಾವಿರದಿಂದ ಹದಿನೈದು ಸಾವಿರ ದಾಟುವವರೆಗೂ ಕೇಳುತ್ತಾರೆ. ಹೊರರೋಗಿ ಚಿಕಿತ್ಸೆಯಾದ್ದರಿಂದ ಸಾಮಾನ್ಯ ಆರೋಗ್ಯ ವಿಮೆಯಿಂದ ಹಣ ಬರುವುದು ಅಪರೂಪ.

ಪುರಾವೆ ಏನು ಹೇಳುತ್ತದೆ? ರಜ್ಜಿಗೊಂದು ಉತ್ತರ. ಅಕಿಲಿಸ್ ಸವೆತಕ್ಕೆ ಬೇಡ. ನೆದರ್ಲೆಂಡ್ಸ್‌ನಲ್ಲಿ 54 ಜನರ ಮೇಲೆ 2010ರಲ್ಲಿ, ಬ್ರಿಟನ್ನಿನಲ್ಲಿ 240 ಜನರ ಮೇಲೆ 2021ರಲ್ಲಿ ಬಂದ ಫಲಿತಾಂಶಗಳೆರಡೂ ಪಿಆರ್‌ಪಿಗೂ ಹುಸಿ ಚಿಕಿತ್ಸೆಗೂ ವ್ಯತ್ಯಾಸವಿಲ್ಲ ಎಂದವು. ಮಂಡಿಚಿಪ್ಪಿನ ರಜ್ಜಿಗೂ ಉಪ್ಪುನೀರಿಗಿಂತ ಮೇಲಲ್ಲ ಎಂದು 2019ರ ಅಧ್ಯಯನ ತೋರಿಸಿತು. ಭುಜದ ಹರಿದ ರಜ್ಜನ್ನು ಹೊಲಿಯುವಾಗ ಜತೆಗೆ ಹಾಕಿದರೆ ಅದು ಮತ್ತೆ ಹರಿಯುವುದು ಕಡಿಮೆಯಾಗಬಹುದೆಂಬ ಸುಳಿವುಗಳಿವೆ, ಆದರೆ ಕೈಯ ಕೆಲಸದಲ್ಲಿ ಆಗುವ ಸುಧಾರಣೆ ಅಷ್ಟು ಕಾಣುವುದಿಲ್ಲ.

ಚರ್ಚೆ ಇರುವುದು ಮೊಣಕೈಯಲ್ಲಿ. ನೂರು ರೋಗಿಗಳಲ್ಲಿ ಸ್ಟೀರಾಯ್ಡ್‌ನೊಂದಿಗೆ ಹೋಲಿಸಿದ ಡಚ್ ಅಧ್ಯಯನದಲ್ಲಿ, ಒಂದು ಮತ್ತು ಎರಡು ವರ್ಷದ ಕೊನೆಗೆ ಪಿಆರ್‌ಪಿ ಗೆದ್ದಿತು. ಆದರೆ ಎದುರಾಳಿ ಸ್ಟೀರಾಯ್ಡ್ ಎಂಬುದನ್ನು ಗಮನಿಸಿ. ವರ್ಷದ ಕೊನೆಗೆ ಸುಮ್ಮನೆ ಕೂತವರಿಗಿಂತ ಹಿಂದೆ ಬೀಳುವ ಓಟಗಾರನನ್ನು ಸೋಲಿಸುವುದು ಕಷ್ಟವಲ್ಲ. ಅಮೆರಿಕದ 230 ಜನರ ಅಧ್ಯಯನ 2014ರಲ್ಲಿ ಬಂತು. 24 ವಾರಗಳ ಹೊತ್ತಿಗೆ ಪಿಆರ್‌ಪಿ ಗುಂಪಿನಲ್ಲಿ ನೂರಕ್ಕೆ 84, ಅರಿವಳಿಕೆ ಕೊಟ್ಟು ಬರೀ ಸೂಜಿಯಿಂದ ಚುಚ್ಚಿದ ಗುಂಪಿನಲ್ಲಿ 68 ಜನರಿಗೆ ಗಮನಾರ್ಹ ಸುಧಾರಣೆ. ಬರೀ ಸೂಜಿಗೇ 68! ಆಮೇಲೆ 32 ಅಧ್ಯಯನಗಳನ್ನು ಒಟ್ಟುಗೂಡಿಸಿದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 2021ರಲ್ಲಿ, ಮೊಣಕೈಗೂ ಪಿಆರ್‌ಪಿಯಿಂದ ಹೇಳಿಕೊಳ್ಳುವಂಥ ಲಾಭ ಬಹುಶಃ ಇಲ್ಲ ಎಂದಿತು. ನಮ್ಮ ತೂಕ ಇಷ್ಟು: ಆರು ತಿಂಗಳು ಶಿಸ್ತಿನ ವ್ಯಾಯಾಮ ಮಾಡಿಯೂ ಬಗ್ಗದ ಮೊಣಕೈಗೆ, ಶಸ್ತ್ರಚಿಕಿತ್ಸೆಗೆ ಮುನ್ನ, ಹಣದ ತೊಂದರೆ ಇಲ್ಲದಿದ್ದರೆ ಒಂದು ಪ್ರಯತ್ನ ಮಾಡಬಹುದು. ಸಾಲ ಮಾಡಿ ಮಾಡಿಸುವಂಥದ್ದಲ್ಲ.

ಮಾಡಿಸುವುದೇ ಆದರೆ ಗುಣಮಟ್ಟವನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ರಕ್ತದಲ್ಲಿ ಪ್ರತಿ ಮೈಕ್ರೋಲೀಟರ್‌ಗೆ 1.5ರಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. 2.5 ಲಕ್ಷ ಎಂದಿಟ್ಟುಕೊಂಡರೆ ಒಂದು ಮಿಲಿಲೀಟರ್‌ನಲ್ಲಿ 25 ಕೋಟಿ. 20 ಮಿಲಿಲೀಟರ್ ರಕ್ತ ತೆಗೆದರೆ 500 ಕೋಟಿ. ಅದರಲ್ಲಿ ನೂರಕ್ಕೆ 65 ಉಳಿದು 3.5 ಮಿಲಿಲೀಟರ್‌ನಲ್ಲಿ ಸೇರಿದರೆ, ಮೈಕ್ರೋಲೀಟರ್‌ಗೆ ಒಂಬತ್ತು ಲಕ್ಷದ ಮೇಲೆ, ಅಂದರೆ ಸುಮಾರು 3.7 ಪಟ್ಟು. ಇದು ಪಿಆರ್‌ಪಿ. ಅದೇ 10 ಮಿಲಿಲೀಟರ್ ರಕ್ತ ತೆಗೆದು 5 ಮಿಲಿಲೀಟರ್ ಪ್ಲಾಸ್ಮಾ ಚುಚ್ಚಿದರೆ, ಒಂದೂ ಪ್ಲೇಟ್‌ಲೆಟ್ ಕಳೆದುಹೋಗದಿದ್ದರೂ ಎರಡು ಪಟ್ಟಿಗಿಂತ ಮೇಲೇರಲು ಸಾಧ್ಯವೇ ಇಲ್ಲ. ಬಿಲ್ ಮಾತ್ರ ಅಷ್ಟೇ ಬರುತ್ತದೆ.

ತಿರುಗಿಸುವುದರಲ್ಲೂ ಎಡವಟ್ಟುಗಳಿವೆ. ಎರಡು ಸುತ್ತಿನ ವಿಧಾನದಲ್ಲಿ ಮೊದಲು ಮೆಲ್ಲಗೆ ತಿರುಗಿಸಿ ಕೆಂಪುಕಣ ಬೇರ್ಪಡಿಸಿ, ಮೇಲಿನದ್ದನ್ನು ಮತ್ತೆ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ತಳಕ್ಕೆ ಇಳಿಸುತ್ತಾರೆ. ‘1500 ಆರ್‌ಪಿಎಂ, ಹತ್ತು ನಿಮಿಷ’ (ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು) ಎಂದಷ್ಟೇ ಹೇಳಿದರೆ ಅರ್ಥವಿಲ್ಲ. 10 ಸೆಂಟಿಮೀಟರ್ ತ್ರಿಜ್ಯದ ಯಂತ್ರದಲ್ಲಿ ಅದು ಗುರುತ್ವದ 250 ಪಟ್ಟು, 15 ಸೆಂಟಿಮೀಟರ್‌ನದ್ದರಲ್ಲಿ 375 ಪಟ್ಟು ಬಲ. ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ ಕೆಂಪುಕಣ ಒಡೆದು ಪ್ಲಾಸ್ಮಾ ಗುಲಾಬಿಯಾಗುತ್ತದೆ. ಅಂಥದ್ದನ್ನು ಚುಚ್ಚಿದರೆ ಉರಿ ಹೆಚ್ಚು. ಹುಲ್ಲಿನ ಬಣ್ಣದ ಹಳದಿ ಇದ್ದರೆ ಸರಿ, ಆದರೆ ಬಿಳಿರಕ್ತಕಣ ಸೇರಿಸಿದ ಬಗೆ ಸ್ವಲ್ಪ ಕೆಂಪಗೇ ಇರುತ್ತದೆ. ಮೊಣಕೈಯ ಆ ಅಮೆರಿಕನ್ ಅಧ್ಯಯನದಲ್ಲಿ ಬಳಸಿದ್ದು ಬಿಳಿರಕ್ತಕಣ ಹೆಚ್ಚಿರುವ ಬಗೆಯನ್ನೇ. ಯಾವ ಬಗೆ ಕೊಡುತ್ತೀರಿ ಎಂದು ಕೇಳಿ.

ಚುಚ್ಚುವ ಮುನ್ನ ಒಂದು ವಾರ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಅವು ಪ್ಲೇಟ್‌ಲೆಟ್‌ಗಳನ್ನು ಮಂಕು ಮಾಡುತ್ತವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬಾರದು, ಹೃದ್ರೋಗ ತಜ್ಞರನ್ನು ಕೇಳಬೇಕು. ಡೆಂಗಿ ಬಂದು ಹೋಗಿದ್ದರೆ ಪ್ಲೇಟ್‌ಲೆಟ್ ಎಣಿಕೆ ಮಾಡಿಸಿಯೇ ಹೋಗಿ. ಅಲ್ಟ್ರಾಸೌಂಡ್ ನೋಡುತ್ತ ಚುಚ್ಚುವವರನ್ನೇ ಆರಿಸಿ, ಅರಿವಳಿಕೆ ಔಷಧವನ್ನು ಚರ್ಮಕ್ಕಷ್ಟೇ ಕೊಡಲಿ. ಅರಿವಳಿಕೆಗೆ ಬಳಸುವ ಲಿಡೋಕೇನ್ ರಜ್ಜಿನ ಜೀವಕೋಶಗಳಿಗೂ ಪ್ಲೇಟ್‌ಲೆಟ್‌ಗಳಿಗೂ ಒಳ್ಳೆಯದಲ್ಲ. ಚುಚ್ಚಿದ ಮೇಲೆ ಎರಡು ಮೂರು ದಿನ, ಕೆಲವರಿಗೆ ವಾರದವರೆಗೆ, ನೋವು ಮುಂಚಿಗಿಂತ ಹೆಚ್ಚು. ಪ್ಯಾರಾಸಿಟಮಾಲ್ ಸಾಕು. ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಸೋಂಕು, ಕೂಡಲೇ ತೋರಿಸಿ. ಎರಡನೇ ವಾರದಿಂದ ಮೇಲಿನ ವ್ಯಾಯಾಮ ಹಗುರವಾಗಿ ಶುರು. ಹನ್ನೆರಡು ವಾರಕ್ಕೆ ಮುನ್ನ ಫಲಿತಾಂಶ ಅಳೆಯಬೇಡಿ, ಎರಡನೇ ಡೋಸ್‌ಗೂ ಒಪ್ಪಬೇಡಿ.

ಪಕ್ಕದ ಅಂಗಡಿಯ ಸರಕುಗಳು

ಜಿಎಫ್‌ಸಿ (ಗ್ರೋತ್ ಫ್ಯಾಕ್ಟರ್ ಕಾನ್ಸಂಟ್ರೇಟ್) ಎಂಬ ಹೆಸರಿನಲ್ಲಿ ಈಗ ಮಾರುತ್ತಿರುವುದು ವಿಶೇಷ ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳಿಂದ ಗ್ರೋತ್ ಫ್ಯಾಕ್ಟರ್ ಬಿಡಿಸಿ, ಕೋಶಗಳನ್ನು ಬಿಟ್ಟು ದ್ರವವನ್ನಷ್ಟೇ ಕೊಡುವ ವಿಧಾನ. ನೋವು ಕಡಿಮೆ ಎನ್ನುತ್ತಾರೆ. ಹೆಚ್ಚು ಪ್ರಚಾರ ಕೂದಲಿಗೆ. ಸ್ನಾಯುರಜ್ಜಿನಲ್ಲಿ ಪಿಆರ್‌ಪಿಯಷ್ಟೂ ಪರೀಕ್ಷೆ ಇದಕ್ಕಾಗಿಲ್ಲ. ಹೆಚ್ಚಿನ ಹಣಕ್ಕೆ ಕಾರಣ ಕಾಣುವುದಿಲ್ಲ.

ಪ್ರಯೋಗಾಲಯದಲ್ಲಿ ತಯಾರಿಸಿದ ಒಂದೇ ಗ್ರೋತ್ ಫ್ಯಾಕ್ಟರ್ ಕೊಡುವ ಕನಸು ಹಳೆಯದು. ಪಿಡಿಜಿಎಫ್ ಮುಲಾಮು 1997ರಿಂದ ಮಧುಮೇಹದ ಪಾದದ ಹುಣ್ಣಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ, ನಮ್ಮಲ್ಲೂ ಸಿಗುತ್ತದೆ. ಅದೇ ಪ್ರೋಟೀನ್ ಪಾದದ ಕೀಲು ಬೆಸೆಯುವ ಶಸ್ತ್ರಚಿಕಿತ್ಸೆಗೆ 2015ರಲ್ಲಿ ಒಪ್ಪಿಗೆ ಪಡೆಯಿತು. ಅವೆರಡೂ ಸ್ನಾಯುರಜ್ಜಿಗಲ್ಲ. ಅಂತರ್ಜಾಲದಲ್ಲಿ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿಯ ಬಿಪಿಸಿ-157 (ಪ್ರಯೋಗಾಲಯದಲ್ಲಿ ತಯಾರಿಸಿದ ಪೆಪ್ಟೈಡ್), ಐಜಿಎಫ್-1 ಸೀಸೆಗಳನ್ನು ತರಿಸಿ ಜಿಮ್‌ನಲ್ಲಿ ಚುಚ್ಚಿಕೊಳ್ಳುವವರಿದ್ದಾರೆ. ಸೀಸೆಯೊಳಗೆ ಏನಿದೆ ಎಂಬುದಕ್ಕೇ ಖಾತ್ರಿಯಿಲ್ಲ. ಸ್ಟೆಮ್ ಸೆಲ್ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟ: ಕೆಲವು ರಕ್ತರೋಗಗಳಂಥ ಒಪ್ಪಿತ ಬಳಕೆ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು. ಪ್ರಯೋಗಕ್ಕೆ ಸೇರಿದವರಿಂದ ಅದಕ್ಕೆ ಹಣ ಕೇಳಿದರೆ ಅಲ್ಲೇ ಅನುಮಾನಪಡಿ.

ಶಾಕ್‌ವೇವ್, ಅಂದರೆ ಚರ್ಮದ ಮೇಲಿಂದ ಒತ್ತಡದ ಅಲೆಗಳನ್ನು ಹಾಯಿಸುವ ಚಿಕಿತ್ಸೆ, ಇವುಗಳಿಗಿಂತ ಗೌರವಸ್ಥ ಆಯ್ಕೆ. ವಾರಕ್ಕೊಮ್ಮೆ, ಮೂರರಿಂದ ಐದು ಸಲ. ಹಿಮ್ಮಡಿಗೆ ವ್ಯಾಯಾಮದ ಜತೆ ಸೇರಿಸಿದರೆ ಬರೀ ವ್ಯಾಯಾಮಕ್ಕಿಂತ ಮೇಲೆಂದು ತೋರಿದೆ. ಮೊಣಕೈಯಲ್ಲಿ ಫಲ ಏರುಪೇರು.

ಯಾರಿಗೆ ಯಾವುದು

ಸುಗ್ಗಿಯಲ್ಲಿ ದಿನವಿಡೀ ಅಡಿಕೆ ಸುಲಿದು ಮೊಣಕೈ ಹಿಡಿದುಕೊಂಡಿದೆ, ಆರು ವಾರವಾಗಿದೆ ಎನ್ನುವವರಿಗೆ ಇಂಜೆಕ್ಷನ್ನಿನ ಮಾತೇ ಬೇಡ. ಸುಲಿಯುವ ಕತ್ತಿಯ ಹಿಡಿ ದಪ್ಪ ಮಾಡಿ, ಅಂಗೈ ಮೇಲ್ಮುಖವಾಗಿ ಭಾರ ಎತ್ತುವ ಅಭ್ಯಾಸ ಮಾಡಿ, ಬಾಟಲಿ ವ್ಯಾಯಾಮ ಹಿಡಿಯಿರಿ. ಎರಡು ಸಲ ಫಿಸಿಯೋಥೆರಪಿಯವರ ಬಳಿ ಹೋಗಿ ಕ್ರಮ ಸರಿಪಡಿಸಿಕೊಂಡರೆ ಖರ್ಚು ಅಷ್ಟೇ. ಎಂಟು ತಿಂಗಳಾದರೂ ಬಗ್ಗದ, ಸಂಬಳದ ಕೆಲಸದ, ಮೌಸ್ ಹಿಡಿಯುವ ಕೈಗೆ ಮೊದಲು ಕುತ್ತಿಗೆಯ ನರ ಒತ್ತಿಲ್ಲವೆಂದು ಖಾತ್ರಿ ಮಾಡಿಸಿ, ಆಮೇಲೆ ಪಿಆರ್‌ಪಿಯನ್ನು ಯೋಚಿಸಬಹುದು. ವಾರಾಂತ್ಯದಲ್ಲಿ ಓಡುವವರ ಹಿಮ್ಮಡಿಗೆ 12 ವಾರದ ಮೆಟ್ಟಿಲು, ಬೇಕಿದ್ದರೆ ಶಾಕ್‌ವೇವ್. ಮಧುಮೇಹಿಗಳು ಸಕ್ಕರೆ ಹತೋಟಿಯನ್ನೇ ಮೊದಲ ಚಿಕಿತ್ಸೆ ಎಂದುಕೊಳ್ಳಬೇಕು. ಸಕ್ಕರೆ ಅಂಟಿದ ಕೊಲಾಜೆನ್ ಪೆಡಸಾಗಿ, ನಿಧಾನವಾಗಿ ಮಾಯುತ್ತದೆ, ಇಂಜೆಕ್ಷನ್ ಅದನ್ನು ಸರಿಪಡಿಸದು.

ಸ್ಪರ್ಧೆಗಿಳಿಯುವ ಆಟಗಾರರಿಗೆ ಇನ್ನೊಂದು ಲೆಕ್ಕವಿದೆ. ಮಾಂಸಖಂಡಕ್ಕೆ ಚುಚ್ಚುವ ಪಿಆರ್‌ಪಿ 2010ರಲ್ಲಿ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧ ಪಟ್ಟಿಯಲ್ಲಿತ್ತು, 2011ರಲ್ಲಿ ತೆಗೆದರು. ಹಾಗಾಗಿ ಈಗ ಅದಕ್ಕೆ ಅಡ್ಡಿಯಿಲ್ಲ. ಆದರೆ ಬಿಡಿಯಾಗಿ ಕೊಡುವ ಐಜಿಎಫ್-1, ಪಿಡಿಜಿಎಫ್, ವಿಇಜಿಎಫ್ ಇಂದಿಗೂ ನಿಷಿದ್ಧ, 2022ರಿಂದ ಬಿಪಿಸಿ-157 ಕೂಡ. ಇಂಜೆಕ್ಷನ್ ಹಾಕಿಸಿಕೊಳ್ಳುವ ಮುನ್ನ ಸಿರಿಂಜಿನಲ್ಲಿ ನಿಮ್ಮ ರಕ್ತದ ಹೊರತು ಬೇರೇನಾದರೂ ಸೇರಿಸಿದ್ದಾರೆಯೇ ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಬಳಸಿದ ಕಿಟ್‌ನ ಹೆಸರು, ತೆಗೆದ ರಕ್ತದ ಪ್ರಮಾಣ, ಚುಚ್ಚಿದ ದಿನಾಂಕ ಅದರಲ್ಲಿರಲಿ.